ದಿನಾ ಒಂದು ಗಂಟೆ ವಾಕಿಂಗ್ ಮಾಡಿದರೂ ಫಾಸ್ಟಿಂಗ್ ಶುಗರ್ ಇಳಿಯುತ್ತಿಲ್ಲ, ಎರಡು ಗಂಟೆ ಮಾಡಲಾ?

ರಾತ್ರಿ ಹತ್ತೂವರೆಗೆ ಊಟ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ವಾಕಿಂಗ್, ಆದರೂ ಫಾಸ್ಟಿಂಗ್ 160ರ ಹತ್ತಿರ. ವಾಕಿಂಗ್ ಎರಡು ಗಂಟೆ ಮಾಡಲಾ, ಇಲ್ಲಾ ರಾತ್ರಿ ಊಟಾನೇ ಬಿಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ, ದಯವಿಟ್ಟು. ಆ ಎರಡನ್ನೂ ಒಟ್ಟಿಗೆ ಮಾಡಿದವಳು ನಾನು.

ನಾನು ಮೈಸೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಶುಗರ್ ಬಂದು ಒಂಬತ್ತು ವರ್ಷ ಆಯ್ತು, ಥೈರಾಯ್ಡ್ ಅದಕ್ಕಿಂತ ಹಳೆಯದು. ಆಗೆಲ್ಲ ಬೆಳಿಗ್ಗೆ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಮನೆಗೆ ಬಂದು ತಿಂಡಿ, ಆಮೇಲೆ ರಾತ್ರಿವರೆಗೂ ಮಿಷನ್ ಮುಂದೆ. ಕೊನೆಯ ಗಿರಾಕಿ ಹೋದ ಮೇಲೆ ಅನ್ನ ಸಾರು ಉಂಡು ಹಾಗೇ ಮಲಗುತ್ತಿದ್ದೆ. ಫಾಸ್ಟಿಂಗ್ 158, 162, 165, ಹೀಗೇ ಇರುತ್ತಿತ್ತು. ಡಾಕ್ಟರ್ ನನ್ನ ಶುಗರ್ ಮಾತ್ರೆ ಗ್ಲಿಮೆಪಿರೈಡನ್ನು 1 ಮಿಲಿಗ್ರಾಂನಿಂದ 2ಕ್ಕೆ ಏರಿಸಿದರು.

ಇನ್ನು ನನ್ನ ತಪ್ಪು. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ. ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ. ಗ್ಲಿಮೆಪಿರೈಡ್ ತಿಂಡಿ ಜೊತೆ. ಚೀಟಿಯಲ್ಲಿ ಹಾಗೇ ಬರೆದಿತ್ತು, ಡಾಕ್ಟರ್ ಬಾಯಲ್ಲೂ ಹೇಳಿದ್ದರು. ಆದರೆ ತಿಂಡಿ ಹೊತ್ತಿಗೆ ಯಾರಾದರೂ ಬಟ್ಟೆ ಹಿಡಿದುಕೊಂಡು ಬಂದುಬಿಡೋರು, ಮಾತ್ರೆ ಮರೆತೇ ಹೋಗೋದು. ಮರೆಯಬಾರದು ಅಂತ ಎರಡನ್ನೂ ಒಂದೇ ಡಬ್ಬಿಗೆ ಹಾಕಿ, ಬೆಳಿಗ್ಗೆ ಒಂದೇ ಗುಟುಕು ನೀರಿನಲ್ಲಿ ನುಂಗಿ ಕೆರೆ ಕಡೆ ಹೊರಡುತ್ತಿದ್ದೆ. ಎಷ್ಟೋ ದಿನ ಏನೂ ಆಗಲಿಲ್ಲ. ಒಮ್ಮೊಮ್ಮೆ ಮನೆಗೆ ಬರುವಾಗ ಕೈ ನಡುಗುತ್ತಿತ್ತು, ಹಸಿವು ಅಂದುಕೊಂಡೆ. ಅವತ್ತೇ ಎಚ್ಚೆತ್ತುಕೊಳ್ಳಬೇಕಿತ್ತು.

ಪ್ರಥಮ ಏಕಾದಶಿ ಬಂತು. ಉಪವಾಸ, ರಾತ್ರಿಗೆ ಬರೀ ಒಂದು ಲೋಟ ಹಾಲು, ಎರಡು ಹೋಳು ಪಪ್ಪಾಯ. ಮರುದಿನ ಎದ್ದು ಎರಡೂ ಮಾತ್ರೆ ನುಂಗಿದೆ. ಉಪವಾಸ ಇದ್ದಿದ್ದಕ್ಕೆ ಶುಗರ್ ಇಳಿದೇ ಇರುತ್ತೆ, ಇನ್ನೊಂದು ಸುತ್ತು ಜಾಸ್ತಿ ನಡೆದರೆ ಪೂರ್ತಿ ಹತೋಟಿಗೆ ಬರುತ್ತೆ ಅಂತ ಲೆಕ್ಕ ಹಾಕಿದೆ. ಚೆಕ್ ಕೂಡ ಮಾಡಲಿಲ್ಲ.

ಎರಡನೇ ಸುತ್ತು ಅರ್ಧ ಆಗಿರಬೇಕು. ಆಷಾಢದ ಗಾಳಿ ತಣ್ಣಗೆ ಬೀಸುತ್ತಿದ್ದರೂ ಕುತ್ತಿಗೆಯಿಂದ ಬೆವರು ಇಳಿದು ಬೆನ್ನೆಲ್ಲ ಒದ್ದೆ. ತುಟಿ ಜುಮ್ಮೆನ್ನುತ್ತಿತ್ತು. ಮಗಳಿಗೆ ಫೋನ್ ಮಾಡೋಣ ಅಂತ ಮೊಬೈಲ್ ತೆಗೆದರೆ, ದಿನಾ ಎಳೆಯುವ ಲಾಕ್ ಪ್ಯಾಟರ್ನ್ ನೆನಪಿಗೇ ಬರಲಿಲ್ಲ, ಬೆರಳು ಸುಮ್ನೆ ಗಾಜಿನ ಮೇಲೆ ಓಡಾಡುತ್ತಿತ್ತು. ಕಲ್ಲು ಬೆಂಚು ನಾಲ್ಕು ಹೆಜ್ಜೆ ದೂರ. ತಲುಪೋ ಮೊದಲೇ ಬಲಗೈ ಊರಿಕೊಂಡು ಬಿದ್ದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ತಮ್ಮ ಜೇಬಿನ ಪೆಪ್ಪರಮಿಂಟ್ ಕೊಟ್ಟು ‘ಚೀಪಮ್ಮ, ಚೀಪು’ ಅಂತ ಪಕ್ಕದಲ್ಲೇ ಕೂತರು. ಅವರಿಗೂ ಶುಗರ್ ಇತ್ತಂತೆ. ಆಸ್ಪತ್ರೆಯಲ್ಲಿ ಅಳೆದಾಗ 52, ಅದೂ ಪೆಪ್ಪರಮಿಂಟ್ ತಿಂದ ಮೇಲೆ. 70ಕ್ಕಿಂತ ಕೆಳಗೆ ಹೋದರೇ ಲೋ ಶುಗರ್ ಅನ್ನುತ್ತಾರೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರ್. ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳಿತ್ತು, ನಮಗೆ ಅದೇ ಸೀಸನ್ ಅಲ್ವಾ. ಕಟ್ ಮಾಡಿ ಹೆಸರು ಬರೆದು ಕಟ್ಟಿಟ್ಟಿದ್ದ ನಲವತ್ಮೂರು ಬ್ಲೌಸ್ ಪೀಸುಗಳನ್ನು ಬೇರೆ ಟೈಲರ್‌ಗೆ ಒಪ್ಪಿಸಿದೆ. ಅದರಲ್ಲಿ ಹೋದ ಕೆಲವು ಗಿರಾಕಿಗಳು ಇವತ್ತಿಗೂ ವಾಪಸ್ ಬಂದಿಲ್ಲ.

ಯಾಕೆ ಹೀಗಾಯ್ತು ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಗ್ಲಿಮೆಪಿರೈಡ್ ಒಳಗೆ ಹೋದರೆ ಇನ್ಸುಲಿನ್ ಬಿಡಿಸಿಯೇ ಬಿಡಿಸುತ್ತೆ, ಹೊಟ್ಟೆಯಲ್ಲಿ ಊಟ ಇದೆಯಾ ಇಲ್ವಾ ಅಂತ ಅದು ನೋಡಲ್ಲ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತವೆ. ನನಗೆ ಎರಡೂ ಕಡೆಯಿಂದ ಸಕ್ಕರೆ ಖರ್ಚಾಗುತ್ತಿತ್ತು, ಮೇಲಿಂದ ಉಪವಾಸ. ಮೆಟ್‌ಫಾರ್ಮಿನ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ಮಾತ್ರ ತಗೊಳ್ಳುವವರಿಗೆ ಹೀಗಾಗೋದು ಅಪರೂಪ. ನೀವು ಯಾವ ಮಾತ್ರೆ ಅಂತ ಬರೆದೇ ಇಲ್ಲ, ನನ್ನ ಭಯ ಅದೇ.

ನಿಮ್ಮ ಲೆಕ್ಕವೇ ತಪ್ಪು ಅಂತ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆ ಎದ್ದಾಗ ಕಾಣುವ ನಂಬರ್ ಆ ಬೆಳಿಗ್ಗೆಯದಲ್ಲ, ಹಿಂದಿನ ರಾತ್ರಿಯದು. ತಡವಾಗಿ ಉಂಡ ಅನ್ನ ಮಲಗಿದ ಮೇಲೂ ಕರಗುತ್ತಾ ಇರುತ್ತೆ. ಜೊತೆಗೆ ಬೆಳಗಿನ ಜಾವ ಕೆಲವು ಹಾರ್ಮೋನು ಏರಿ, ಲಿವರ್ ತಾನಾಗಿಯೇ ಸಕ್ಕರೆ ಬಿಡುತ್ತೆ. ಅಷ್ಟೆಲ್ಲ ಆದ ಮೇಲೆ ಆರು ಗಂಟೆಗೆ ಎರಡು ಗಂಟೆ ನಡೆದರೆ ಏನು ಬಂತು? ವಾಕಿಂಗನ್ನು ಊಟದ ಹಿಂದೆ ತಂದು ಇಡಿ.

ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದಾಗ ಮಗಳು ಇದನ್ನು ಅಳೆದು ತೋರಿಸಿದಳು. ಒಂದು ರಾತ್ರಿ ಅನ್ನ ಸಾರು ಉಂಡು ಕೂತೇ ಇದ್ದೆ, ಎರಡು ಗಂಟೆ ಆದ ಮೇಲೆ 238. ಮರುರಾತ್ರಿ ಅದೇ ಸಾರು, ಅದೇ ಅಳತೆಯ ಅನ್ನ. ಉಂಡ ಕೂಡಲೇ ಕೈಗೆ ಜೋಳಿಗೆ ಕಟ್ಟಿಕೊಂಡು ನಮ್ಮ ಬೀದಿಯಲ್ಲೇ ಹದಿನೈದು ನಿಮಿಷ ಓಡಾಡಿದೆ. 187. ನಂಬಿಕೆ ಬರದೆ ಇನ್ನೊಂದು ಸಲ ಚುಚ್ಚಿಸಿಕೊಂಡೆ.

ನನಗೊಬ್ಬಳಿಗೇ ಅಲ್ಲ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಟೈಪ್ 2 ಶುಗರ್ ಇದ್ದ 41 ಜನರಿಗೆ ಒಂದಷ್ಟು ದಿನ ಯಾವಾಗಲಾದರೂ 30 ನಿಮಿಷ ನಡೆಯಲು ಹೇಳಿದರು, ಇನ್ನೊಂದಷ್ಟು ದಿನ ಪ್ರತಿ ಊಟದ ಮೇಲೆ 10 ನಿಮಿಷ. ದಿನಕ್ಕೆ ನಡೆದಿದ್ದು ಎರಡೂ ಒಂದೇ ಲೆಕ್ಕ, ಆದರೂ ಊಟದ ಮೇಲೆ ನಡೆದಾಗ ಊಟದ ನಂತರದ ಶುಗರ್ ಸರಾಸರಿ 12% ಕಡಿಮೆ ಇತ್ತು, ರಾತ್ರಿ ಊಟದ ಮೇಲಂತೂ 22%. ಅವರಲ್ಲಿ ರಾತ್ರಿ ಊಟದಲ್ಲೇ ಕಾರ್ಬೋಹೈಡ್ರೇಟ್ ಜಾಸ್ತಿ, ಆಮೇಲೆ ಕೂತುಬಿಡೋದೂ ಆಗಲೇ. ನಮ್ಮ ಮನೆ ಕಥೆಯೂ ಅದೇ ಅಲ್ವಾ.

ಈಗ ನಾನು ಎಂಟು ಗಂಟೆಗೆ ಅಂಗಡಿಯಲ್ಲೇ ಡಬ್ಬಿ ಬಿಚ್ಚುತ್ತೇನೆ. ಗಿರಾಕಿ ಇದ್ದರೆ ‘ಹತ್ತು ನಿಮಿಷ ಕೂತ್ಕೊಳಮ್ಮ’ ಅಂತೀನಿ, ಯಾರೂ ಎದ್ದು ಹೋಗಿಲ್ಲ. ಮೊದಲು ಪಲ್ಯ, ಆಮೇಲೆ ಅರ್ಧ ಮುದ್ದೆ ಸಾರು. ಉಂಡು ಹದಿನೈದು ನಿಮಿಷ ನಡಿಗೆ. ಕೆರೆಗೆ ಹೋಗೋದು ಬಿಟ್ಟಿಲ್ಲ, ಆದರೆ ಗ್ಲಿಮೆಪಿರೈಡ್ ಈಗ ತಿಂಡಿ ತಟ್ಟೆಯ ಪಕ್ಕದಲ್ಲೇ ಇರುತ್ತೆ, ಡಾಕ್ಟರ್ ಅದನ್ನು ಮತ್ತೆ 1 ಮಿಲಿಗ್ರಾಂಗೆ ಇಳಿಸಿದ್ದಾರೆ. ಫಾಸ್ಟಿಂಗ್ 120ರ ಆಸುಪಾಸು. ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇಲ್ಲದೆ ಹೊಸಿಲು ದಾಟಲ್ಲ. ಕೈ ನಡುಗಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಕೂತು ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ.

ನಾಳೆ ಬೆಳಿಗ್ಗೆ ಹೊರಡೋ ಮೊದಲು ಮಾತ್ರೆಯ ಸ್ಟ್ರಿಪ್ ತಿರುಗಿಸಿ ಹೆಸರು ಓದಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಅಂತ ಇದ್ದರೆ, ಇಲ್ಲಾ ಇನ್ಸುಲಿನ್ ತಗೊಳ್ಳುತ್ತಿದ್ದರೆ, ಊಟದ ಹೊತ್ತು, ವಾಕಿಂಗ್ ಹೊತ್ತು ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಡಾಕ್ಟರ್‌ಗೆ ತೋರಿಸಿ, ಅಲ್ಲಿವರೆಗೂ ಒಂದು ನಿಮಿಷವೂ ಜಾಸ್ತಿ ನಡೆಯಬೇಡಿ. ಹೆಸರು ಏನಿತ್ತು ಅಂತ ಇಲ್ಲಿ ಬರೆಯಿರಿ, ನೋಡುತ್ತಾ ಇರುತ್ತೇನೆ.