ವಾಹನ ಪ್ರಶ್ನೋತ್ತರ: ಶಾಕ್ ಅಬ್ಸಾರ್ಬರ್ ಬಿಗಿ ಮಾಡಿದರೆ ಗಾಡಿ ಗಟ್ಟಿಯಾಗುತ್ತದೆಯೇ?

ಈ ಸಲ ಬೈಕ್ ಸಸ್ಪೆನ್ಷನ್ ಕುರಿತ ನಾಲ್ಕು ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲನೆಯದರ ಉತ್ತರ ಉಳಿದ ಮೂರಕ್ಕೂ ಆಧಾರವಾಗಿರುವುದರಿಂದ ಅದು ಕೊಂಚ ದೀರ್ಘವಾಗಿದೆ.

ನನ್ನ ಬಳಿ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. ಪತ್ನಿಯನ್ನು ಕೂರಿಸಿಕೊಂಡು ರಸ್ತೆ ಉಬ್ಬು ದಾಟುವಾಗ ಹಿಂಬದಿ ‘ಧಡ್’ ಎಂದು ಬಡಿಯುತ್ತಿತ್ತು. ಮೆಕ್ಯಾನಿಕ್ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಕೊನೆಯ ಹಂತಕ್ಕೆ ತಿರುಗಿಸಿಕೊಟ್ಟರು. ಈಗ ಒಬ್ಬನೇ ಓಡಿಸಿದರೆ ಸೊಂಟ ನೋಯುತ್ತದೆ, ತಿರುವಿನಲ್ಲಿ ಗುಂಡಿ ಸಿಕ್ಕರೆ ಹಿಂದಿನ ಚಕ್ರ ಎಗರುತ್ತದೆ. ಹೊಸದನ್ನು ಹಾಕಿಸಬೇಕೇ? (ಓದುಗರು, ಹಾಸನ)

ಹೊಸದರ ಮಾತು ಸದ್ಯಕ್ಕೆ ಬೇಡ. ನಿಮ್ಮ ಮೆಕ್ಯಾನಿಕ್ ತಿರುಗಿಸಿದ್ದು ಪ್ರೀಲೋಡ್ ಉಂಗುರವನ್ನು. ಅದು ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಮೊದಲೇ ಒಂದಿಷ್ಟು ಅದುಮಿಡುತ್ತದೆ, ಅಷ್ಟೆ. ಒಂದು ಮಿಲಿಮೀಟರ್ ಕುಗ್ಗಲು 20 ನ್ಯೂಟನ್ ಬಲ ಬೇಕಾಗುವ ಸ್ಪ್ರಿಂಗನ್ನು 10 ಮಿ.ಮೀ. ಅದುಮಿ ಜೋಡಿಸಿದರೆ, 200 ನ್ಯೂಟನ್ ಬಲ ಬೀಳುವವರೆಗೆ ಅದು ಕದಲುವುದಿಲ್ಲ. ಅದನ್ನು ದಾಟಿದ ಮೇಲೆ ಹಿಂದಿನಂತೆಯೇ ಪ್ರತಿ ಮಿಲಿಮೀಟರಿಗೆ 20 ನ್ಯೂಟನ್ ಸಾಕು. ಹೀಗಾಗಿ ಪ್ರೀಲೋಡ್ ಬದಲಿಸುವುದು ಗಾಡಿ ಎಷ್ಟು ಎತ್ತರದಲ್ಲಿ ಕೂರುತ್ತದೆ ಎಂಬುದನ್ನು. ಒಬ್ಬರೇ ಕುಳಿತಾಗ ಹಿಂಬದಿ ಬಹುತೇಕ ತುತ್ತತುದಿಯಲ್ಲೇ ನಿಂತುಬಿಟ್ಟರೆ, ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಂಬಾಲಿಸಲು ಜಾಗವೇ ಉಳಿಯುವುದಿಲ್ಲ. ನೀವು ಹೇಳುವ ಎಗರಾಟ ಅಲ್ಲಿಂದಲೇ ಹುಟ್ಟುತ್ತದೆ.

ಆದ್ದರಿಂದ ಮೊದಲು ಅಳೆಯಬೇಕು. ಸವಾರ ಕುಳಿತಾಗ ಗಾಡಿ ತನ್ನ ಪೂರ್ತಿ ಎತ್ತರದಿಂದ ಎಷ್ಟು ಕುಸಿಯುತ್ತದೋ ಅದನ್ನು ಸ್ಯಾಗ್ ಎನ್ನುತ್ತಾರೆ. ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಅದು ಚಕ್ರ ಮೇಲೆ ಕೆಳಗೆ ಸರಿಯಬಲ್ಲ ಒಟ್ಟು ಚಲನೆಯ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದೊಳಗೆ ಇರಬೇಕೆಂಬುದು ರೂಢಿ. ಇಂಟರ್‌ಸೆಪ್ಟರ್‌ನ ಹಿಂದಿನ ಚಕ್ರಕ್ಕಿರುವ ಚಲನೆಯೇ 88 ಮಿ.ಮೀ.; ಅಂದರೆ 22ರಿಂದ 29 ಮಿ.ಮೀ. ಕುಸಿದರೆ ಸರಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಆ್ಯಕ್ಸೆಲ್ ನಟ್‌ನ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಬಳಿ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆಯಿರಿ. ಬಳಿಕ ಸ್ಟ್ಯಾಂಡ್ ಇಳಿಸಿ, ಗಾಡಿಯನ್ನು ಬರಿದಾಗಿ ನೆಟ್ಟಗೆ ಹಿಡಿದು ಇನ್ನೊಮ್ಮೆ ಅಳೆಯಿರಿ. ಮೂರನೆಯ ಸಲ ಹೆಲ್ಮೆಟ್, ಜಾಕೆಟ್ ಸಮೇತ ಎರಡೂ ಕಾಲುಗಳನ್ನು ಫುಟ್‌ರೆಸ್ಟ್ ಮೇಲಿಟ್ಟು ಕುಳಿತುಕೊಳ್ಳಿ. ಗಾಡಿ ಹಿಡಿಯಲು ಒಬ್ಬರು, ಅಳೆಯಲು ಇನ್ನೊಬ್ಬರು ಬೇಕು. ಸೀಲ್ ಮತ್ತು ಬುಶ್‌ಗಳ ಘರ್ಷಣೆಯಿಂದ ಅಳತೆ ಆಚೀಚೆಯಾಗುವುದರಿಂದ, ಸೀಟನ್ನು ಒಮ್ಮೆ ಅದುಮಿ ಬಿಟ್ಟು, ಇನ್ನೊಮ್ಮೆ ಮೇಲೆತ್ತಿ ಬಿಟ್ಟು, ಎರಡರ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು.

ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಸವಾರನ ಸ್ಯಾಗ್ ಸಿಗುತ್ತದೆ, ಎರಡನೆಯದನ್ನು ಕಳೆದರೆ ಬರಿಯ ಗಾಡಿಯ ಸ್ಯಾಗ್. ನಿಜವಾದ ಸುಳಿವು ಇರುವುದು ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ. ಸವಾರನ ಸ್ಯಾಗ್ ಸರಿಯಿದ್ದೂ ಬರಿಯ ಗಾಡಿ ಸ್ವಲ್ಪವೂ ಕುಸಿಯದಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಗಿದೆ, ಆ ಕೊರತೆಯನ್ನು ಪ್ರೀಲೋಡ್ ಮುಚ್ಚಿಟ್ಟಿದೆ ಎಂದರ್ಥ. ಬರಿಯ ಗಾಡಿಯೇ ಬಹಳ ಕುಸಿದು, ನೀವು ಕುಳಿತಾಗ ಹೆಚ್ಚೇನೂ ಇಳಿಯದಿದ್ದರೆ ಸ್ಪ್ರಿಂಗ್ ಅಗತ್ಯಕ್ಕಿಂತ ಗಡುಸು. ನಿಮ್ಮ ಗಾಡಿಯಲ್ಲಿ ಪ್ರೀಲೋಡ್‌ಗೆ ಐದು ಹಂತಗಳಿವೆ. ಒಬ್ಬರೇ ಹೋಗುವಾಗ ಯಾವುದು, ಇಬ್ಬರಿಗೆ ಯಾವುದು ಎಂದು ಅಳೆದು ಗುರುತಿಟ್ಟುಕೊಳ್ಳಿ. ಉಂಗುರ ತಿರುಗಿಸುವ ಕೊಕ್ಕೆಯಾಕಾರದ ಸಿ-ಸ್ಪ್ಯಾನರ್ ಇದ್ದರೆ ಬದಲಿಸುವುದು ದೊಡ್ಡ ಕೆಲಸವಲ್ಲ. ಎರಡೂ ಬದಿ ಒಂದೇ ಹಂತದಲ್ಲಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಇಬ್ಬರು ಕುಳಿತಾಗ ಕೊನೆಯ ಹಂತದಲ್ಲೂ ಗಾಡಿ 35 ಮಿ.ಮೀ. ಮೀರಿ ಕುಸಿಯುತ್ತಿದ್ದರೆ ಆಗ ಗಡುಸಾದ ಸ್ಪ್ರಿಂಗ್‌ನ ಯೋಚನೆ ಮಾಡಬಹುದು.

ಇನ್ನು ಉಬ್ಬಿನ ಬಗ್ಗೆ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿರುವ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದೇ ಅದನ್ನು ರೂಪಿಸಲಾಗಿದೆ. ನಮ್ಮ ಊರುಗಳ ಮುಂದೆ ರಾತ್ರೋರಾತ್ರಿ ಎದ್ದು ನಿಲ್ಲುವ ಮೋಟುಗೋಡೆಗಳಿಗೂ ಆ ಅಳತೆಗೂ ಸಂಬಂಧವೇ ಇಲ್ಲ. ಅವುಗಳ ಮೇಲೆ ವೇಗವಾಗಿ ಹೋದರೆ ಎಷ್ಟೇ ಬೆಲೆಯ ಶಾಕ್ ಅಬ್ಸಾರ್ಬರ್ ಆದರೂ ತಳ ಮುಟ್ಟೀತು.

ನನ್ನದು ಹಿಮಾಲಯನ್ 411. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಮುಂಭಾಗ ತೀರಾ ಮುಗ್ಗರಿಸುತ್ತದೆ. ಫೋರ್ಕ್‌ಗೆ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆಗಳಿಗೆ) ಮಂದವಾದ ಆಯಿಲ್ ಹಾಕಿಸಿದರೆ ಸರಿಯಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. (ಓದುಗರು, ಮೂಡಿಗೆರೆ)

ನಿಮ್ಮ ಗಾಡಿಯ ಮುಂದಿನ ಚಕ್ರಕ್ಕೆ 200 ಮಿ.ಮೀ. ಚಲನೆ ಇದೆ. ಅಷ್ಟು ಉದ್ದದ ಫೋರ್ಕ್ ಬ್ರೇಕ್ ಹಿಡಿದಾಗ ಒಂದಿಷ್ಟು ಬಗ್ಗುವುದು ಸಹಜ. ಅದು ಎಷ್ಟು ಬಗ್ಗಬೇಕು ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಅದರ ಮೇಲೆ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿ. ಎಷ್ಟು ಬೇಗ ಬಗ್ಗಬೇಕು ಎಂಬುದಷ್ಟೇ ಆಯಿಲ್‌ನ ಕೆಲಸ. ಡ್ಯಾಂಪರ್ ರಾಡ್ (ರಂಧ್ರಗಳಿರುವ ಒಳಕೊಳವೆ) ಇರುವ ಸರಳ ಫೋರ್ಕ್‌ಗಳಲ್ಲಿ ಆಯಿಲ್ ಸಣ್ಣ ರಂಧ್ರಗಳ ಮೂಲಕ ನುಗ್ಗಬೇಕು. ವೇಗ ಇಮ್ಮಡಿಯಾದರೆ ರಂಧ್ರದ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ ಬ್ರೇಕ್ ಹಿಡಿದಾಗ ಮೆದುವೆನಿಸುವ ಅದೇ ಫೋರ್ಕ್ ಚೂಪಾದ ಗುಂಡಿಯ ಅಂಚಿಗೆ ಬಡಿದಾಗ ಕೈಗೆ ಹೊಡೆತ ಕೊಡುತ್ತದೆ. ಮಂದವಾದ ಆಯಿಲ್ ಹಾಕಿದರೆ ಈ ಹೊಡೆತ ಇನ್ನಷ್ಟು ಹೆಚ್ಚುತ್ತದೆ. ಜೊತೆಗೆ, ಕುಗ್ಗಿದ ಫೋರ್ಕ್ ಮರಳಿ ಚಾಚಿಕೊಳ್ಳುವುದೂ ನಿಧಾನವಾಗಿ, ಸಾಲು ಗುಂಡಿಗಳಲ್ಲಿ ಪ್ರತಿ ಹೊಡೆತಕ್ಕೂ ತುಸು ಕೆಳಗೆ ಕೆಳಗೆ ಸರಿದು ಕೊನೆಗೆ ಹಲಗೆಯಂತಾಗಿಬಿಡುತ್ತದೆ.

ಮಾಡಬೇಕಾದ್ದು ಇಷ್ಟು. ಫೋರ್ಕ್ ಮೇಲಿನ ರಬ್ಬರ್ ತೊಗಟೆಯನ್ನು ಮೇಲಕ್ಕೆ ಸರಿಸಿ, ಹೊಳೆಯುವ ಕೊಳವೆಗೆ ಒಂದು ತೆಳುವಾದ ಕೇಬಲ್ ಟೈ ಸುತ್ತಿ, ಸೀಲಿಗೆ ತಾಗುವಂತೆ ಕೆಳಗಿಳಿಸಿ, ರಬ್ಬರನ್ನು ಸಡಿಲವಾಗಿ ಮೇಲೆಯೇ ಕಟ್ಟಿ, ಒಣಹವೆಯ ದಿನ ಘಾಟಿ ಇಳಿದು ಬನ್ನಿ. ಸೀಲ್ ಮೇಲೇರುತ್ತ ಟೈಯನ್ನು ಎಲ್ಲಿಗೆ ತಳ್ಳಿ ನಿಲ್ಲಿಸಿದೆಯೋ ಅದೇ ಫೋರ್ಕ್ ಬಳಸಿಕೊಂಡ ಗರಿಷ್ಠ ಚಲನೆ. ಕೊನೆಯ ಎರಡು ಮೂರು ಸೆಂಟಿಮೀಟರ್ ಉಳಿದಿದ್ದರೆ ಫೋರ್ಕ್ ತನ್ನ ಕೆಲಸ ಮಾಡುತ್ತಿದೆ, ಮುಗ್ಗರಿಸುವ ಅನುಭವಕ್ಕೆ ಬ್ರೇಕನ್ನು ಥಟ್ಟನೆ ಹಿಡಿಯುವ ಅಭ್ಯಾಸವೂ ಕಾರಣವಿರಬಹುದು. ಪೂರ್ತಿ ತಳ ಮುಟ್ಟಿದ್ದರೆ, ಕಂಪನಿ ಹೇಳಿರುವ ದರ್ಜೆಯ ಹೊಸ ಆಯಿಲನ್ನೇ ಹಾಕಿಸಿ, ಅದರ ಮಟ್ಟವನ್ನು 5ರಿಂದ 10 ಮಿ.ಮೀ. ಏರಿಸಿ ನೋಡಿ. ಗಾಳಿಯ ಜಾಗ ಕಡಿಮೆಯಾದಷ್ಟೂ ಕೊನೆಯ ಭಾಗದಲ್ಲಿ ಮಾತ್ರ ಪ್ರತಿರೋಧ ಹೆಚ್ಚುತ್ತದೆ. ಈ ಮಟ್ಟವನ್ನು ಸ್ಪ್ರಿಂಗ್ ಹೊರತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ, ಕೊಳವೆಯ ಬಾಯಿಂದ ಅಳೆಯಬೇಕು. ಅಳತೆಪಾತ್ರೆಯಲ್ಲಿ ಅಂದಾಜಿಗೆ ಸುರಿಯುವವರಿಂದ ಈ ಕೆಲಸ ಮಾಡಿಸಬೇಡಿ, ಅತಿಯಾದರೆ ಸೀಲ್ ಕಿತ್ತುಹೋಗುತ್ತದೆ. ಅದರಾಚೆಗೆ ಬೇಕೆನಿಸಿದರೆ ತೂಕಕ್ಕೆ ತಕ್ಕ ಸ್ಪ್ರಿಂಗ್, ಆಮೇಲೆ ಎಮ್ಯುಲೇಟರ್ ವಾಲ್ವ್. ಎಮ್ಯುಲೇಟರ್ ಡ್ಯಾಂಪರ್ ರಾಡ್‌ನ ತಲೆಯ ಮೇಲೆ ಕುಳಿತು, ನಿಧಾನದ ಚಲನೆಯನ್ನು ತಡೆದು, ಜೋರು ಹೊಡೆತಕ್ಕೆ ಬಾಯಿ ತೆರೆಯುತ್ತದೆ. ಮಂದ ಆಯಿಲ್‌ನಿಂದ ಜನ ಬಯಸುವುದು ಇದನ್ನೇ.

150 ಸಿಸಿ ಗಾಡಿಗೆ ಆನ್‌ಲೈನ್‌ನಲ್ಲಿ ಸಿಗುವ, ಪಕ್ಕದಲ್ಲಿ ಗ್ಯಾಸ್ ಡಬ್ಬಿ ಇರುವ ಶಾಕ್ ಅಬ್ಸಾರ್ಬರ್ ಹಾಕಿಸಬಹುದೇ? (ವಿದ್ಯಾರ್ಥಿ, ಹುಬ್ಬಳ್ಳಿ)

ಒಳಗೆ ನಿಜವಾಗಿ ನೈಟ್ರೋಜನ್ ಒತ್ತಡ ಇದ್ದರೆ ಅದಕ್ಕೊಂದು ಉಪಯೋಗವಿದೆ: ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿ ಆಯಿಲ್ ಕಾದಾಗ ನೊರೆ ಬರದಂತೆ ಅದು ತಡೆಯುತ್ತದೆ. ಅಗ್ಗದ ಎಷ್ಟೋ ಸರಕುಗಳಲ್ಲಿ ಡಬ್ಬಿ ಬರೀ ಅಲಂಕಾರ. ಆಯಿಲ್ ಬದಲಿಸಿ ರಿಪೇರಿ ಮಾಡಲು ಬರುತ್ತದೆಯೇ, ಸವಾರನ ತೂಕ ಕೇಳಿ ಸ್ಪ್ರಿಂಗ್ ಕೊಡುತ್ತಾರೆಯೇ, ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದ ಮೂಲದಷ್ಟೇ ಇದೆಯೇ ಎಂದು ವಿಚಾರಿಸಿ. ಮೂರರಲ್ಲಿ ಒಂದಕ್ಕೆ ಉತ್ತರ ಬಾರದಿದ್ದರೂ ಬಿಟ್ಟುಬಿಡಿ. ಉದ್ದ ಹೆಚ್ಚಾದರೆ ಹಿಂಬದಿ ಏರಿ ಹ್ಯಾಂಡಲ್ ಚಂಚಲವಾಗುತ್ತದೆ, ಚೈನಿನ ಬಿಗಿಯೂ ತಪ್ಪುತ್ತದೆ.

ಅದಕ್ಕೂ ಮುಂಚೆ ಟೈರಿನ ಗಾಳಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಕಣ್ಣಳತೆಗೆ ತುಂಬಿಸಿದ 40 ಪಿಎಸ್‌ಐ ಗಾಳಿಯೇ ಎಷ್ಟೋ ಸಲ ‘ಶಾಕ್ ಅಬ್ಸಾರ್ಬರ್ ಹೋಗಿದೆ’ ಎಂಬ ದೂರಿನ ಮೂಲ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಶ್ ಸವೆದಿದ್ದರೆ, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಕೋನ್‌ಸೆಟ್‌ನಲ್ಲಿ ಕಚ್ಚು ಬಿದ್ದಿದ್ದರೆ ಮೊದಲು ಅವನ್ನು ಸರಿಪಡಿಸಿ. ಮುಂದೆ ರಿಬೌಂಡ್ ತಿರುಪು (ಕುಗ್ಗಿದ ಶಾಕ್ ಅಬ್ಸಾರ್ಬರ್ ಮರಳಿ ಚಾಚುವ ವೇಗವನ್ನು ಹೊಂದಿಸುವ ತಿರುಪು) ಇರುವ ಒಳ್ಳೆಯ ಶಾಕ್ ಅಬ್ಸಾರ್ಬರ್ ಕೊಂಡರೆ, ಅದನ್ನು ಪೂರ್ತಿ ಮುಚ್ಚಿದ ಸ್ಥಿತಿಯಿಂದ ಕ್ಲಿಕ್ ಎಣಿಸಿ ಬರೆದಿಟ್ಟುಕೊಂಡು, ಪರಿಚಿತ ರಸ್ತೆಯ ಒಂದೇ ತುಣುಕಿನಲ್ಲಿ ಎರಡೆರಡು ಕ್ಲಿಕ್ ಬದಲಿಸುತ್ತ ಓಡಿಸಿ. ಸೀಟನ್ನು ಅದುಮಿ ಬಿಟ್ಟಾಗ ಗಾಡಿ ಒಮ್ಮೆ ಮೇಲೆದ್ದು ನಿಲ್ಲಬೇಕು. ಮತ್ತೆ ಮತ್ತೆ ಕುಣಿದರೆ ರಿಬೌಂಡ್ ಸಡಿಲ. ತೆವಳಿಕೊಂಡು ಏಳುತ್ತಿದ್ದರೆ ಅತಿ ಬಿಗಿ.

ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಫೋರ್ಕಿನಿಂದ ಎಣ್ಣೆ ಜಿನುಗಲು ಶುರುವಾಗಿದೆ. ಹಾಗೆಯೇ ಓಡಿಸಬಹುದೇ? (ಓದುಗರು, ತೀರ್ಥಹಳ್ಳಿ)

ಬೇಡ. ಧೂಳುಸೀಲ್ ಇಳಿಸಿ, ಒಳಗೆ ಸೇರಿದ ಕೆಸರನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯ ತುಂಡಿನಿಂದ ಹೊರಗೆಳೆದರೆ ಕೆಲವೊಮ್ಮೆ ಸೋರಿಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಎರಡೂ ಬದಿಯ ಸೀಲ್ ಮತ್ತು ಆಯಿಲನ್ನು ಒಟ್ಟಿಗೆ ಬದಲಿಸಿ. ಕೊಳವೆಯ ಮೇಲೆ ಉಗುರು ಆಡಿಸಿದಾಗ ತುಕ್ಕಿನ ಚುಕ್ಕೆ ತಡೆದರೆ ಹೊಸ ಸೀಲ್ ಕೂಡ ಬೇಗನೆ ಹರಿಯುತ್ತದೆ, ಆ ಜಾಗವನ್ನು ಮೊದಲು ನಯಗೊಳಿಸಬೇಕು. ಎಣ್ಣೆ ಬ್ರೇಕ್ ಪ್ಯಾಡಿಗೆ ಇಳಿದಿದ್ದರೆ ಡಿಸ್ಕ್ ಶುಚಿಗೊಳಿಸಿ, ಪ್ಯಾಡ್ ಬದಲಿಸಿದ ಮೇಲೆಯೇ ಗಾಡಿಯನ್ನು ರಸ್ತೆಗಿಳಿಸಿ.