ನವಿಲಿನ ಕತ್ತು ಗುಲಾಬಿಯಾದದ್ದು ಏಕೆ?

ಪ್ರಶ್ನೆ: ಅಕ್ಕನ ಇಳಕಲ್ ಸೀರೆಗೆ ಕಪ್ಪು ರವಿಕೆ ಹೊಲಿಯುತ್ತಿದ್ದೇನೆ. ತೋಳಿಗೆ ಹಾಕಲೆಂದು ನವಿಲಿನ ಕಸೂತಿ ವಿನ್ಯಾಸವೊಂದನ್ನು ಕೊಂಡೆ. ಕಸೂತಿ ಯಂತ್ರ ಓದುವ ಡಿಎಸ್‌ಟಿ ಎಂಬ ಬಗೆಯ ಫೈಲ್ ಕೊಟ್ಟರು. ಮಾದರಿ ಚಿತ್ರದಲ್ಲಿ ನೀಲಿ ಕತ್ತು, ಹಸಿರು ಗರಿ ಇದ್ದವು. ಕಂಪ್ಯೂಟರಿನಲ್ಲಿ ತೆರೆದರೆ ಕತ್ತು ಗುಲಾಬಿ, ಗರಿ ಕಂದು! ಫೈಲ್ ಕೆಟ್ಟಿದೆಯೇ? ನನ್ನದು ಒಂದೇ ಸೂಜಿಯ ಯಂತ್ರ.
– ಓದುಗರೊಬ್ಬರು, ಗದಗ

ಉತ್ತರ: ಫೈಲ್ ಸರಿಯಾಗಿಯೇ ಇದೆ, ಹಣ ಹೋಯಿತೆಂದು ಕೊರಗಬೇಡಿ. ಡಿಎಸ್‌ಟಿ ಫೈಲಿನಲ್ಲಿ ನೂಲಿನ ಬಣ್ಣವೇ ಇರುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ನೂಲು ಬದಲಿಸಲು ಎಲ್ಲಿ ನಿಲ್ಲಬೇಕು ಎಂಬುದಷ್ಟೇ ಅದಕ್ಕೆ ಗೊತ್ತು. ನಿಮಗೆ ಕಂಡ ಗುಲಾಬಿ, ಕಂದು ಎಲ್ಲವೂ ತಂತ್ರಾಂಶ ತನ್ನ ಪಟ್ಟಿಯಿಂದ ಸಾಲಾಗಿ ತುಂಬಿದ ಬಣ್ಣಗಳು.

ಮೊದಲು ಪರದೆಯ ಹಿನ್ನೆಲೆಯನ್ನು ಕಪ್ಪು ಮಾಡಿಕೊಳ್ಳಿ. ಬಿಳಿಯ ಮೇಲೆ ಚೆಂದ ಕಂಡ ಕಡುನೀಲಿ ನಿಮ್ಮ ರವಿಕೆಯಲ್ಲಿ ಮುಳುಗಿಹೋಗುತ್ತದೆ. ಆಮೇಲೆ ಬಣ್ಣಗಳ ಪಟ್ಟಿಯಲ್ಲಿ ಒಂದೊಂದನ್ನೇ ಆರಿಸಿ, ನಿಮ್ಮ ಬಳಿ ಇರುವ ನೂಲಿಗೆ ಹತ್ತಿರವಾದ ಬಣ್ಣ ಕೊಡಿ. ಪರದೆಯನ್ನು ಮಾತ್ರ ನಂಬಬೇಡಿ. ನಾನು ರವಿಕೆ ಬಟ್ಟೆಯದೇ ಒಂದು ಪಟ್ಟಿಗೆ ನೂಲನ್ನು ಹತ್ತು ಸುತ್ತು ಒತ್ತೊತ್ತಾಗಿ ಸುತ್ತಿ, ಸೀರೆಯ ಸೆರಗಿನ ಪಕ್ಕದಲ್ಲಿಟ್ಟು, ಕಿಟಕಿಯ ಹಗಲು ಬೆಳಕಿನಲ್ಲಿ ನೋಡುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಕೆಂಪುಗಳು ಅಂಗಳಕ್ಕೆ ಬಂದಾಗ ಬೇರೆಬೇರೆಯಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇನ್ನೊಂದು ಮಾತು: ಹೊಳೆಯುವ ನೂಲು ಹೊಲಿಗೆಯ ದಿಕ್ಕು ತಿರುಗಿದಲ್ಲಿ ತಾನಾಗಿಯೇ ತಿಳಿಯಾಗಿಯೋ ಗಾಢವಾಗಿಯೋ ಕಾಣುತ್ತದೆ. ಹಾಗಾಗಿ ನವಿಲಿನ ಬಾಗಿದ ಕತ್ತಿಗೆ ಎರಡು ನೀಲಿ ಬೇಕಿಲ್ಲ, ಒಂದೇ ಸಾಕು.

ಇಲ್ಲಿ ಒಂದು ಅಪಾಯವಿದೆ. ಒಮ್ಮೆ ಗಿಳಿಯ ವಿನ್ಯಾಸದಲ್ಲಿ ರೆಕ್ಕೆಗೂ ಮೈಗೂ ಒಂದೇ ಹಸಿರು ಕೊಟ್ಟು ಉಳಿಸಿದೆ. ಅಕ್ಕಪಕ್ಕದ ಎರಡು ಬಣ್ಣ ಒಂದೇ ಆದದ್ದರಿಂದ ತಂತ್ರಾಂಶ ಅವನ್ನು ಕೂಡಿಸಿ, ನಡುವಿನ ನಿಲುಗಡೆಯನ್ನೇ ತೆಗೆದುಹಾಕಿತ್ತು. ನಾನು ನೂಲಿನ ಕ್ರಮ ಬರೆದಿಟ್ಟ ಹಳೆಯ ಚೀಟಿ ನೋಡುತ್ತಾ ಕುಳಿತಿದ್ದೆ. ಯಂತ್ರ ಮೊದಲ ಸಲ ನಿಂತಾಗ ‘ಎರಡನೆಯದೂ ಹಸಿರೇ’ ಎಂದು ನೂಲು ಬದಲಿಸದೆ ಗುಂಡಿ ಒತ್ತಿದೆ. ಗಿಳಿಯ ಕೊಕ್ಕು ಹಸಿರಾಗಿ ಮೂಡಿತು. ಮದುವೆಯ ರವಿಕೆ ಅದು. ರಾತ್ರಿಯೆಲ್ಲ ಕುಳಿತು ಹೊಲಿಗೆ ಬಿಚ್ಚಿದೆ. ಅಂದಿನಿಂದ, ಎರಡು ಭಾಗಗಳಿಗೆ ಒಂದೇ ನೂಲು ಹಾಕುವುದಿದ್ದರೂ ಪರದೆಯಲ್ಲಿ ಅವಕ್ಕೆ ಕೊಂಚ ಬೇರೆ ಬಣ್ಣ ಕೊಟ್ಟೇ ಇಡುತ್ತೇನೆ.

ಬದಲಿಸಿದ್ದನ್ನು ಮತ್ತೆ ಡಿಎಸ್‌ಟಿಯಾಗಿ ಉಳಿಸಿದರೆ ಬಣ್ಣ ಮತ್ತೆ ಕಳೆದುಹೋಗುತ್ತದೆ. ನಿಮ್ಮ ಯಂತ್ರ ಪಿಇಎಸ್ ಎಂಬ ಇನ್ನೊಂದು ಬಗೆಯ ಕಸೂತಿ ಫೈಲ್ ಓದುವುದಾದರೆ ಅದರಲ್ಲಿ ಉಳಿಸಿ, ಅದರಲ್ಲಿ ಬಣ್ಣ ನಿಲ್ಲುತ್ತದೆ. ಇಲ್ಲವಾದರೆ ‘1 ಕತ್ತು, ನೀಲಿ, 2 ಗರಿ, ಹಸಿರು’ ಎಂದು ನೂಲಿನ ನಂಬರಿನೊಂದಿಗೆ ಬರೆದು ಯಂತ್ರಕ್ಕೆ ಅಂಟಿಸಿ. ಉಳಿಸಿದ ಫೈಲನ್ನು ಮತ್ತೊಮ್ಮೆ ತೆರೆದು, ಬಣ್ಣಗಳ ಎಣಿಕೆ ಚೀಟಿಯ ಎಣಿಕೆಗೆ ಸರಿಹೊಂದುತ್ತದೆಯೇ ನೋಡಿ.

ಜುಟ್ಟಿಗೆ ಮಾತ್ರ ಸೆರಗಿನ ಕೆಂಪನ್ನೇ ಹುಡುಕಿ ಹಾಕಿ. ತೋಳಿಗೆ ಹೋಗುವ ಮೊದಲು ಅದೇ ಕಪ್ಪು ಬಟ್ಟೆಯ ತುಂಡಿನ ಮೇಲೆ ಇಡೀ ನವಿಲನ್ನು ಒಮ್ಮೆ ಹೊಲಿದು, ಅಕ್ಕನಿಗೆ ತೋರಿಸಿ.