ನಕ್ಷೆ ಮೊದಲೋ ಕಥೆ ಮೊದಲೋ

ಹೋದ ತಿಂಗಳು ಇದೇ ಪುಟದಲ್ಲಿ ಫ್ಯಾಂಟಸಿ ಕಾದಂಬರಿಗಳ ಬಗ್ಗೆ ಬರೀತಾ, ಮೊದಲ ಪುಟದಲ್ಲಿ ಮ್ಯಾಪ್ ಇದ್ರೆ ನಾನು ಕಥೆ ಬಿಟ್ಟು ಅರ್ಧ ಗಂಟೆ ಅದನ್ನೇ ನೋಡ್ತಾ ಕೂತ್ಬಿಡ್ತೀನಿ ಅಂತ ಒಂದು ಮಾತು ಹಾಕಿದ್ದೆ. ಅದಕ್ಕೆ ಬಂದಿರೋ ಕಾಗದ, ಮೇಲ್ ನೋಡಿದ್ರೆ ಈ ಹುಚ್ಚು ನನಗೊಬ್ಬನಿಗೇ ಅಲ್ಲ ಅಂತ ಸಮಾಧಾನ ಆಯ್ತು. ಈ ಸಲ ಬರೀ ಆ ಪ್ರಶ್ನೆಗಳೇ.

ಪ್ರಶ್ನೆ: ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೀತಾ ಇದೀನಿ ಸರ್, ನಲವತ್ತು ಪುಟ ಆಗಿದೆ. ಫ್ರೆಂಡ್ ಓದಿ "ಮ್ಯಾಪ್ ಎಲ್ಲಿ?" ಅಂದ. ಕಥೆ ಪೂರ್ತಿ ಮುಗಿಸಿ ಆಮೇಲೆ ಯಾರಾದ್ರೂ ಆರ್ಟಿಸ್ಟ್ ಹತ್ರ ಬರೆಸಿದ್ರೆ ಸಾಕಲ್ವಾ?
ಓದುಗರು, ಸಾಗರ

ಉತ್ತರ: ಸಾಕಾಗಲ್ಲ. ಯಾಕೆ ಅಂತ ತಿಳೀಬೇಕಾದ್ರೆ ಕಾದಂಬರಿಕಾರ ಸ್ಟೀವನ್‌ಸನ್ ಪಟ್ಟ ಪಾಡು ಕೇಳಿ. 1881ರ ಬೇಸಿಗೆ, ಸ್ಕಾಟ್ಲೆಂಡಿನ ಬ್ರೇಮಾರ್ ಅನ್ನೋ ಊರು, ಬೇಸಿಗೆ ಅಂತ ಹೆಸರಿಗೆ, ಹೊರಗೆ ಬರೀ ಮಳೆ. ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, ಹದಿಮೂರು ವರ್ಷದ ಹುಡುಗ, ಮನೆಯೊಳಗೇ ಕೂತು ಬಣ್ಣ ಹಚ್ಚಿ ಚಿತ್ರ ಬರೀತಿದ್ದ, ಅವನ ಜೊತೆ ಇವರೂ ಕೂತು ಸುಮ್ನೆ ಒಂದು ದ್ವೀಪದ ನಕ್ಷೆ ಬರೆದ್ರು. ಅದನ್ನ ನೋಡ್ತಾ ನೋಡ್ತಾ ಅದರ ಕಾಡಿನೊಳಗಿಂದ ಜನ ಇಣುಕೋಕೆ ಶುರು ಮಾಡಿದ್ರು, ಕಥೆ ಹುಟ್ಟಿತು. ಅದೇ "ಟ್ರೆಷರ್ ಐಲ್ಯಾಂಡ್". 1883ರಲ್ಲಿ ಪುಸ್ತಕ ಆಗೋ ಹೊತ್ತಿಗೆ ಹಸ್ತಪ್ರತಿ ಜೊತೆ ಕಳಿಸಿದ್ದ ನಕ್ಷೆ ಪ್ರಕಾಶಕರಿಗೆ ಸೇರಲೇ ಇಲ್ಲ, ಕಳೆದೇ ಹೋಯ್ತು. ಆಗ ಈ ಮನುಷ್ಯ ತನ್ನದೇ ಪುಸ್ತಕವನ್ನ ಮೊದಲಿಂದ ಓದಿ, ಎಲ್ಲೆಲ್ಲಿ ಯಾವ ಗುಡ್ಡ ಯಾವ ದಿಕ್ಕಿಗಿದೆ ಅಂತ ಬರೆದಿದ್ದೀನಿ ಅನ್ನೋದನ್ನೆಲ್ಲ ಪಟ್ಟಿ ಮಾಡಿ, ಕೈವಾರ ಹಿಡಿದು ಆ ಮಾತಿಗೆಲ್ಲ ಹೊಂದೋ ಹಾಗೆ ಎರಡನೇ ನಕ್ಷೆ ಕಟ್ಟಬೇಕಾಯ್ತು. ಅಪ್ಪನ ಆಫೀಸಿನಲ್ಲಿ ಅದನ್ನ ಚೆಂದ ಮಾಡಿ ಬರೆಸಿದ್ರು, ತಿಮಿಂಗಿಲ, ಹಡಗು ಎಲ್ಲ ಬಂತು, ಅಪ್ಪನೇ ಕ್ಯಾಪ್ಟನ್ ಫ್ಲಿಂಟ್‌ನ ಸಹಿ ಬೇರೆ ಫೋರ್ಜರಿ ಮಾಡಿಕೊಟ್ರು, ಆದ್ರೂ ಅದು ನನಗೆ ಯಾಕೋ ಆ ದ್ವೀಪ ಅನ್ನಿಸಲೇ ಇಲ್ಲ ಅಂತ ಸ್ಟೀವನ್‌ಸನ್ ಕೊನೆವರೆಗೂ ಕೊರಗಿದ್ರು.

ನೀವು ಕಥೆ ಮುಗಿಸಿ ಆಮೇಲೆ ಬರೆಸ್ತೀನಿ ಅಂತಿರೋದು ಈ ಎರಡನೇ ನಕ್ಷೆ.

ಫ್ಯಾಂಟಸಿ ಕಾದಂಬರಿಕಾರ ಟೋಲ್ಕಿನ್ ಕೂಡ 1954ರಲ್ಲಿ ಒಂದು ಕಾಗದದಲ್ಲಿ ಇದನ್ನೇ ಹೇಳಿದಾರೆ, ನಾನು ಜಾಣತನದಿಂದ ನಕ್ಷೆ ಇಟ್ಕೊಂಡು ಶುರು ಮಾಡಿ ಕಥೆಯನ್ನ ಅದಕ್ಕೆ ಹೊಂದಿಸಿದೆ ಅಂತ. ಹಂಗಂತ ಅವರೇನೂ ಆರಾಮಾಗಿರಲಿಲ್ಲ ಬಿಡಿ. ಮುಂದಿನ ವರ್ಷ "ಲಾರ್ಡ್ ಆಫ್ ದ ರಿಂಗ್ಸ್" ಮೂರನೇ ಭಾಗ ಅಚ್ಚಿಗೆ ಹೋಗೋ ಹೊತ್ತಿಗೆ ದೊಡ್ಡ ಸ್ಕೇಲಿನ ನಕ್ಷೆ ಬೇಕಾಯ್ತು, ಆಗ ದೂರಗಳ ಲೆಕ್ಕ ಅಲ್ಲಲ್ಲಿ ತಪ್ಪಿರೋದು ಎದ್ದು ಕಂಡಿತು, ಮಗ ಕ್ರಿಸ್ಟೋಫರ್ ಬೆಳಗ್ಗೆ ಆರರಿಂದ ಮಾರನೇ ಬೆಳಗ್ಗೆ ಆರರವರೆಗೆ ಮಲಗದೇ ಕೂತು ಅದನ್ನ ಬರೆದು ಮುಗಿಸಿದ. ಆಗ ಆ ಪುಸ್ತಕದಲ್ಲಿ ಅಚ್ಚಾದ ನಕ್ಷೆಗಳು ಅಪ್ಪಂದಲ್ಲ, ಮಗನ ಕೈಬರಹ.

ಈಗಲೇ ಒಂದು ಗ್ರಾಫ್ ಶೀಟ್ ತಗೊಳ್ಳಿ. ನಿಮ್ಮ ನಲವತ್ತು ಪುಟದಲ್ಲಿ ಪಾತ್ರಗಳು ನಡೆದಾಡಿರೋ ಜಾಗ ಮಾತ್ರ ಹಾಕಿ, ಉಳಿದದ್ದು ಖಾಲಿ ಇರಲಿ. ಕಡಲ ದಂಡೆ ಬರೆಯೋಕೆ ಕೈ ಓಡದಿದ್ರೆ ಒಂದು ಹಳೇ ಉಪಾಯ ಇದೆ, ಒಂದು ಹಿಡಿ ಅಕ್ಕಿ ಶೀಟ್ ಮೇಲೆ ಸುರಿದು, ಬೆರಳಲ್ಲಿ ಮೆಲ್ಲಗೆ ಅತ್ತಿತ್ತ ಹರಡಿ, ಅದರ ಅಂಚಿಗೇ ಪೆನ್ಸಿಲ್ ಓಡಿಸಿ. ನಾವು ಯೋಚನೆ ಮಾಡಿ ಬರೆದ್ರೆ ದ್ವೀಪ ಎಲ್ಲ ಆಲೂಗಡ್ಡೆ ಥರ ಬರುತ್ತೆ, ಅಕ್ಕಿ ಹಾಗಲ್ಲ, ಅದಕ್ಕೆ ಕೊಲ್ಲಿ, ಭೂಶಿರ, ಒಡೆದು ಬಿದ್ದ ನಡುಗಡ್ಡೆ ಎಲ್ಲ ತಾನಾಗೇ ಗೊತ್ತು. ನಾನು ಮಾಡಿದಾಗ ಫ್ಯಾನ್ ಹಾಕಿದ್ದು ಮರೆತು ಒಂದು ಇಡೀ ಖಂಡ ಮಂಚದ ಕೆಳಗೆ ಹೋಯ್ತು, ಅದೊಂದು ನೋಡ್ಕೊಳ್ಳಿ.

ಪ್ರಶ್ನೆ: ನನ್ನ ನಕ್ಷೆಯಲ್ಲಿ ಬೆಟ್ಟದ ಮೇಲೆ ಒಂದು ದೊಡ್ಡ ಸರೋವರ, ಅದರಿಂದ ಒಂದು ನದಿ ಪೂರ್ವ ಸಮುದ್ರಕ್ಕೆ, ಇನ್ನೊಂದು ಪಶ್ಚಿಮ ಸಮುದ್ರಕ್ಕೆ ಹೋಗುತ್ತೆ. ಜಿಯಾಗ್ರಫಿ ಲೆಕ್ಚರರ್ ಒಬ್ರು ನೋಡಿ ನಕ್ಕುಬಿಟ್ರು. ಡ್ರ್ಯಾಗನ್ ಹಾರೋ ಲೋಕದಲ್ಲಿ ನದಿ ಹೆಂಗೆ ಹರಿದ್ರೇನು?
ಓದುಗರು, ದಾವಣಗೆರೆ

ಉತ್ತರ: ಡ್ರ್ಯಾಗನ್‌ನ ಜನ ನಂಬ್ತಾರೆ, ಯಾಕಂದ್ರೆ ಅದನ್ನ ಯಾರೂ ನೋಡಿಲ್ಲ. ನೀರು ಹರಿಯೋದನ್ನ ಹಿತ್ತಲಲ್ಲಿ ದಿನಾ ನೋಡ್ತಾರೆ.

ಸರೋವರದ ನೀರು ಅಂಚಿನಲ್ಲಿ ಎಲ್ಲಿ ಎಲ್ಲಕ್ಕಿಂತ ತಗ್ಗಿದೆಯೋ ಅಲ್ಲೇ ತುಳುಕೋದು, ನಮ್ಮ ಕೆರೆ ಕೋಡಿ ಬಿದ್ದ ಹಾಗೆ. ತುಳುಕಿದ ಜಾಗ ಕೊರೆದು ಇನ್ನೂ ತಗ್ಗಾಗುತ್ತೆ, ಹಾಗಾಗಿ ಸಾಮಾನ್ಯವಾಗಿ ಒಂದು ಸರೋವರಕ್ಕೆ ಹೊರದಾರಿ ಒಂದೇ. ನದಿಗಳೂ ಹಾಗೇ, ಕೆಳಗೆ ಬರ್ತಾ ಬರ್ತಾ ಸೇರ್ತಾವೆ, ಸಮುದ್ರದ ಹತ್ರದ ಮುಖಜ ಭೂಮಿ ಬಿಟ್ರೆ ಒಡೆದು ಬೇರೆ ಬೇರೆ ದಾರಿ ಹಿಡಿಯೋದು ತೀರಾ ಅಪರೂಪ. ಇಲ್ಲವೇ ಇಲ್ಲ ಅಂತಲ್ಲ, ವೆನೆಜುವೆಲಾದಲ್ಲಿ ಒರಿನೊಕೊ ನದಿಯಿಂದ ಕಾಸಿಕಿಯಾರೆ ಅನ್ನೋ ಕವಲು ಒಡೆದು ರಿಯೊ ನೀಗ್ರೋ ಮೂಲಕ ಅಮೆಜಾನ್ ಕಡೆ ಹೋಗುತ್ತೆ, ಆದ್ರೆ ಅದು ಇಡೀ ಪ್ರಪಂಚಕ್ಕೆ ಹೆಸರಾಗಿರೋದೇ ಆ ಒಂದು ವಿಚಿತ್ರಕ್ಕೆ. ನಿಮ್ಮ ಲೋಕದಲ್ಲೂ ಹಂಗೊಂದು ಇರಲಿ, ಜನ ಅದಕ್ಕೆ ಹೆದರಲಿ, ಗುಡಿ ಕಟ್ಟಲಿ, ಅದರ ಮೇಲೇ ಒಂದು ಅಧ್ಯಾಯ ಆಗುತ್ತೆ. ಗೊತ್ತಿಲ್ಲದೇ ಹಾಕಿದ್ರೆ ಮಾತ್ರ ತಪ್ಪು.

ಇನ್ನು ಎರಡು ಸಮುದ್ರಕ್ಕೆ ಎರಡು ನದಿ ಬೇಕೇ ಬೇಕು ಅಂದ್ರೆ ಸರೋವರ ಅಳಿಸಿ ಬೆಟ್ಟ ಉಳಿಸ್ಕೊಳ್ಳಿ. ಅದಕ್ಕೆ ನಿಮ್ಮ ಜಿಲ್ಲೆಗೇ ನೀರು ಕೊಡೋ ಉದಾಹರಣೆ ಇದೆಯಲ್ಲ ಮಾರಾಯ್ರೆ! ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ತುಂಗೆ, ಭದ್ರೆ ಎರಡೂ ಹುಟ್ತಾವೆ. ಒಬ್ಬಳು ಶೃಂಗೇರಿ, ತೀರ್ಥಹಳ್ಳಿ ಸುತ್ತಿ, ಇನ್ನೊಬ್ಬಳು ಕಳಸ, ಭದ್ರಾವತಿ ಸುತ್ತಿ ಶಿವಮೊಗ್ಗದ ಹತ್ರ ಕೂಡ್ಲಿಯಲ್ಲಿ ಕೂಡಿ, ಮುಂದೆ ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗ್ತಾರೆ. ಅದೇ ಬೆಟ್ಟಸಾಲಿನ ಆ ಕಡೆ ಮಗ್ಗುಲಲ್ಲಿ ಹುಟ್ಟೋ ನೇತ್ರಾವತಿ ಧರ್ಮಸ್ಥಳದ ಪಕ್ಕ ಹಾದು ಮಂಗಳೂರಲ್ಲಿ ಅರಬ್ಬಿ ಸಮುದ್ರ. ಮಳೆ ಹನಿ ಬೆಟ್ಟದ ನೆತ್ತಿಯ ಯಾವ ಮಗ್ಗುಲಿಗೆ ಬಿತ್ತು ಅನ್ನೋದರ ಮೇಲೆ ಅದರ ಸಮುದ್ರ ತೀರ್ಮಾನ.

ಮಳೆ ಅಂದಾಗ ನೆನಪಾಯ್ತು, ನಿಮ್ಮ ಮರುಭೂಮಿ ಎಲ್ಲಿದೆ ನೋಡ್ಕೊಳ್ಳಿ. ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರೋ ಕಡೆ ಮಳೆ ಸುರಿಸಿಬಿಡುತ್ತೆ, ಬೆಟ್ಟ ದಾಟೋ ಹೊತ್ತಿಗೆ ಕೈ ಖಾಲಿ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುತ್ತೆ, ಅಲ್ಲಿಂದ ಪೂರ್ವಕ್ಕೆ ಚಳ್ಳಕೆರೆ ಕಡೆ ಬನ್ನಿ, ಅದರ ಹತ್ತರಲ್ಲೊಂದು ಭಾಗ ಬೀಳೋದೂ ಕಷ್ಟ. ಟೋಲ್ಕಿನ್ ನಕ್ಷೆಯಲ್ಲೂ ಮಾರ್ಡೋರ್ ಅನ್ನೋ ದುಷ್ಟನ ನಾಡಿನ ಮೂರು ಕಡೆ ಬೆಟ್ಟಗಳು ಮೂಲೆಮಟ್ಟ ಇಟ್ಟು ಗೋಡೆ ಕಟ್ಟಿದ ಹಾಗೆ ಚೌಕಕ್ಕೆ ನಿಂತಿವೆ, ಭೂವಿಜ್ಞಾನ ಓದಿದೋರು ಇವತ್ತಿಗೂ ಅದನ್ನ ಆಡ್ಕೊಳ್ತಾರೆ. ನನಗೇನೋ ಅದು ಕ್ಷಮಿಸಬಹುದು ಅನ್ನಿಸುತ್ತೆ, ಕೋಟೆ ಥರ ಕಾಣ್ಬೇಕು ಅಂತಲೇ ಇದೆ ಅದು.

ಪ್ರಶ್ನೆ: ನಾಯಕ ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟು ದಿನದಲ್ಲಿ ಹೋಗ್ತಾನೆ ಅಂತ ಲೆಕ್ಕ ಹಾಕೋದು ಹೇಗೆ?
ಓದುಗರು, ತುಮಕೂರು

ಉತ್ತರ: ಗಂಟುಮೂಟೆ ಹೊತ್ತು ನಡೆಯೋನು ದಿನಕ್ಕೆ 25ರಿಂದ 30 ಕಿಲೋಮೀಟರ್, ಎತ್ತಿನ ಗಾಡಿ ಅದಕ್ಕಿಂತ ಕಮ್ಮಿ, ಸೈನ್ಯ ಇನ್ನೂ ಕಮ್ಮಿ. ಬೆಂಗಳೂರಿಂದ ಮೈಸೂರಿಗೆ ನಡೆದ್ರೆ ಐದಾರು ದಿನ ಅಂತ ಒಂದು ಅಳತೆಗೋಲು ತಲೇಲಿಟ್ಕೊಳ್ಳಿ. ಕುದುರೆ ರಾತ್ರಿ ಹಗಲು ಓಡೋದು ಸಿನಿಮಾದಲ್ಲಿ ಮಾತ್ರ, ಅದಕ್ಕೂ ಹುಲ್ಲು ನೀರು ಬೇಕು. ನಕ್ಷೆಯ ಮೂಲೇಲಿ ಕಿಲೋಮೀಟರ್ ಹಾಕೋ ಬದಲು ಹರದಾರಿ, ಗಾವುದ ಹಾಕಿ ನೋಡಿ, ಹರದಾರಿ ಅಂದ್ರೆ ಸುಮಾರು ಮೂರು ಮೈಲಿ, ಓದಿದ ಕೂಡ್ಲೇ ಬೇರೆ ಕಾಲದ ವಾಸನೆ ಬರುತ್ತೆ.

ದಿನದ ಜೊತೆ ಚಂದ್ರನನ್ನೂ ಲೆಕ್ಕಕ್ಕಿಟ್ಕೊಳ್ಳಿ. ಗುಂಪು ಎರಡು ದಾರಿ ಹಿಡಿದ್ರೆ ಒಬ್ಬನಿಗೆ ಹುಣ್ಣಿಮೆ ಇನ್ನೊಬ್ಬನಿಗೆ ಅಮಾವಾಸ್ಯೆ ಆಗಬಾರದು. ಟೋಲ್ಕಿನ್ 1944ರಲ್ಲಿ ಇದೇ ತಪ್ಪು ಕಂಡುಹಿಡಿದು, ಚಂದ್ರ ಒಂದು ಕಡೆ ಹುಟ್ತಾ ಅದೇ ಹೊತ್ತಿಗೆ ಇನ್ನೊಂದು ಕಡೆ ಮುಳುಗ್ತಿದಾನೆ ಅಂತ ತಲೆ ಕೆಡಿಸ್ಕೊಂಡು ತಿದ್ದಿದ್ರು. ಅವರ ಲೆಕ್ಕ ಎಷ್ಟು ಗಟ್ಟಿ ಅಂದ್ರೆ, ನಕ್ಷೆಶಾಸ್ತ್ರ ಗೊತ್ತಿದ್ದ ಕ್ಯಾರನ್ ವಿನ್ ಫಾನ್‌ಸ್ಟಾಡ್ ಅನ್ನೋ ಅಮೆರಿಕದ ಮಹಿಳೆ 1981ರಲ್ಲಿ ಆ ಇಡೀ ಲೋಕಕ್ಕೆ ನಮ್ಮ ಶಾಲೆ ಅಟ್ಲಾಸ್ ಥರದ್ದೇ ಒಂದು ಅಟ್ಲಾಸ್ ಮಾಡಿದ್ರು, ಯಾವ ದಿನ ಎಲ್ಲಿ ತಂಗಿದ್ರು ಅನ್ನೋದೂ ಅದರಲ್ಲಿದೆ. 2015ರಲ್ಲಿ ಟೋಲ್ಕಿನ್ ಕೈಯಾರೆ ಟಿಪ್ಪಣಿ ಬರೆದಿದ್ದ ಒಂದು ನಕ್ಷೆ ಸಿಕ್ತು, ಕಥೆಯ ಹಾಬಿಟ್ಟನ್ ಅನ್ನೋ ಊರು ಇರೋದು ಆಕ್ಸ್‌ಫರ್ಡ್‌ನ ಅಕ್ಷಾಂಶದಲ್ಲಿ, ಮಿನಾಸ್ ತಿರಿತ್ ಅನ್ನೋ ನಗರ ಇಟಲಿಯ ರವೆನ್ನಾದ ಅಕ್ಷಾಂಶದಲ್ಲಿ ಅಂತ ಅದರ ಮೇಲಿದೆ. ಹವಾಮಾನ ಹೇಗಿರುತ್ತೆ ಅಂತ ಗೊತ್ತಾಗೋಕೆ ಅಷ್ಟು ಸಾಕು.

ಪ್ರಶ್ನೆ: ಊರುಗಳಿಗೆ ಹೆಸರೇ ಹೊಳೀತಿಲ್ಲ. ಎಲ್ಲಾ ಝ, ಕ್ಸ, ಥ್ರ ಅಂತ ಬರ್ತಿದೆ, ಕನ್ನಡದಲ್ಲಿ ಓದಿದ್ರೆ ಮಾತ್ರೆ ಹೆಸರಿದ್ದಂಗಿದೆ.
ಓದುಗರು, ಧಾರವಾಡ

ಉತ್ತರ: ನಕ್ಕು ನಕ್ಕು ಸಾಕಾಯ್ತ್ರೀ. ಹೆಸರನ್ನ ಹೊಳೆಸ್ಕೊಳ್ಳೋಕೆ ಹೋಗಬೇಡ್ರಿ, ಅಲ್ಲಿರೋ ಜನ ಏನಂತ ಕರೀತಾರೆ ಅಂತ ಕೇಳ್ರಿ. ನಮ್ಮಲ್ಲಿ ಮಲೆನಾಡಿಗೆ ಹೋದ್ರೆ ಕೊಪ್ಪ, ಮಕ್ಕಿ, ಬೈಲು; ಬೆಂಗಳೂರಿನ ಸುತ್ತ ಹಳ್ಳಿ, ಕೆರೆ, ಸಂದ್ರ. ಈ ಬೊಮ್ಮಸಂದ್ರ, ಜಕ್ಕಸಂದ್ರದ ಸಂದ್ರ ಅಂದ್ರೆ ಸಮುದ್ರ, ಅಂದ್ರೆ ದೊಡ್ಡ ಕೆರೆ. ಕೆರೆ ಬತ್ತಿ ಅಪಾರ್ಟ್‌ಮೆಂಟ್ ಎದ್ರೂ ಹೆಸರಲ್ಲಿ ನೀರಿದೆ. ನಿಮ್ಮ ರಾಜ್ಯದ ಬಡಗಣಕ್ಕೆ ಒಂದು ಬಾಲ, ತೆಂಕಣಕ್ಕೆ ಒಂದು ಬಾಲ ಇಡ್ರಿ, ಗಡಿಯಲ್ಲಿ ಎರಡೂ ಕಲಸಲಿ. ಹೆಸರು ನೋಡಿದ್ರೇ ಯಾರು ಎಲ್ಲಿಂದ ವಲಸೆ ಬಂದ್ರು ಅಂತ ಗೊತ್ತಾಗಬೇಕು.

ಎಲ್ಲದಕ್ಕೂ ಅರ್ಥ ಇರಲೇಬೇಕು ಅಂತೇನೂ ಇಲ್ಲ. ಅರ್ಸುಲಾ ಲೆ ಗ್ವಿನ್ ತಮ್ಮ 1968ರ ಕಾದಂಬರಿ "ಎ ವಿಝರ್ಡ್ ಆಫ್ ಅರ್ಥ್‌ಸೀ"ಗೆ ದ್ವೀಪಗಳ ನಕ್ಷೆ ತಾವೇ ಬರೆದವರು, ಅದರಲ್ಲಿ ಮೂರು ಪುಟ್ಟ ದ್ವೀಪಕ್ಕೆ ತಮ್ಮ ಮಕ್ಕಳನ್ನ ಮನೇಲಿ ಮುದ್ದಿಂದ ಕರೀತಿದ್ದ ಹೆಸರೇ ಇಟ್ರು. ನೀವೂ ಒಂದು ಹಾಳು ದ್ವೀಪಕ್ಕೆ ಪುಟ್ಟಿ ಅಂತ ಇಡ್ರಿ, ಯಾರು ಬೇಡ ಅಂತಾರೆ.

ಪ್ರಶ್ನೆ: ಇದೆಲ್ಲ ಇಂಗ್ಲಿಷಿನವರ ಶೋಕಿ ಅನ್ನಿಸುತ್ತೆ. ನಮ್ಮಜ್ಜಿ ಏಳು ಸಮುದ್ರದಾಚೆ ಅಂತ ಕಥೆ ಹೇಳೋವಾಗ ನಾವ್ಯಾರೂ ಮ್ಯಾಪ್ ಕೇಳಲಿಲ್ಲ.
ಓದುಗರು, ಮೈಸೂರು

ಉತ್ತರ: ಅಜ್ಜಿ ಹೇಳ್ತಿದ್ದ ಆ ಏಳು ಸಮುದ್ರಕ್ಕೆ ಲೆಕ್ಕ ಇದೆ ಅಮ್ಮ! ವಿಷ್ಣುಪುರಾಣ ತೆಗೆದು ನೋಡಿ, ನಡುವೆ ಜಂಬೂದ್ವೀಪ, ಅಗಲ ಒಂದು ಲಕ್ಷ ಯೋಜನ, ಅದರ ಸುತ್ತ ಉಪ್ಪುನೀರಿನ ಸಮುದ್ರ, ಆಮೇಲೆ ಪ್ಲಕ್ಷ ದ್ವೀಪ, ಅದರ ಸುತ್ತ ಕಬ್ಬಿನಹಾಲು, ಹಂಗೇ ಹೆಂಡ, ತುಪ್ಪ, ಮೊಸರು, ಹಾಲು, ಕೊನೆಗೆ ಸಿಹಿನೀರು. ಕೆರೆಗೆ ಕಲ್ಲೆಸೆದಾಗ ಏಳೋ ಉಂಗುರದ ಹಾಗೆ ಒಂದರ ಸುತ್ತ ಒಂದು, ಪ್ರತಿ ದ್ವೀಪ ಹಿಂದಿನದ್ದರ ಎರಡರಷ್ಟು. ಕೈವಾರ ಇದ್ರೆ ಐದು ನಿಮಿಷದಲ್ಲಿ ಬರೆಯಬಹುದು. ಇಷ್ಟು ಅಚ್ಚುಕಟ್ಟಾದ ಕಲ್ಪನೆಯ ಭೂಪಟ ನಾನಂತೂ ಬೇರೆ ನೋಡಿಲ್ಲ, ಆದ್ರೆ ಇದರಲ್ಲಿ ದಾರಿ ತಪ್ಪೋಕೆ ಆಗಲ್ಲ, ಕಾದಂಬರಿಗೆ ಅದೇ ತೊಂದರೆ.

ಮಾಲ್ಗುಡಿ ಇನ್ನೊಂದು ಥರ. ಆರ್.ಕೆ. ನಾರಾಯಣ್ 1935ರ "ಸ್ವಾಮಿ ಅಂಡ್ ಫ್ರೆಂಡ್ಸ್"ನಿಂದ ಆ ಊರನ್ನ ಕಟ್ತಾ ಬಂದ್ರು, ಸರಯೂ ನದಿ, ಮೆಂಪಿ ಬೆಟ್ಟ, ಕಬೀರ್ ಸ್ಟ್ರೀಟ್ ಅಂತ ಒಂದೊಂದೇ ಸೇರಿಸ್ತಾ ಹೋದ್ರು. ಕಾದಂಬರಿಗಳಲ್ಲಿರೋ ಸುಳಿವನ್ನೆಲ್ಲ ಹೆಕ್ಕಿ ಆ ಊರಿನ ನಕ್ಷೆ ಮಾಡಿದ್ದು ಜೇಮ್ಸ್ ಫೆನೆಲಿ ಅನ್ನೋ ಅಮೆರಿಕದ ಪ್ರೊಫೆಸರ್. ನಮಗೆಲ್ಲ ಮಾತ್ರ ಶಂಕರ್‌ನಾಗ್ ಸೀರಿಯಲ್ ನೋಡಿದ ಮೇಲೆ ಮಾಲ್ಗುಡಿ ಅಂದ್ರೆ ಆಗುಂಬೆಯೇ, ಪುಸ್ತಕದಲ್ಲಿ ಜನ ಸಂಜೆ ಹೊತ್ತು ಸರಯೂ ದಡದ ಮರಳಲ್ಲಿ ಆರಾಮಾಗಿ ಕೂತು ಹರಟ್ತಾರೆ, ಜುಲೈನಲ್ಲಿ ಆಗುಂಬೆಯಲ್ಲಿ ಕೂತು ನೋಡಲಿ ಗೊತ್ತಾಗುತ್ತೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ನಿಧಿ ಹುಡುಕೋ ಮ್ಯಾಪ್ ಹಳೇದು ಥರ ಕಾಣೋಕೆ ಏನ್ ಮಾಡ್ಬೇಕು ಅಂಕಲ್?
ಓದುಗ, ಹಾಸನ

ಉತ್ತರ: ಹಾಲು ಹಾಕದ ಗಟ್ಟಿ ಟೀ ಡಿಕಾಕ್ಷನ್ ಆರಿಸಿ, ಹತ್ತಿಯಲ್ಲಿ ಅದ್ದಿ ಹಾಳೆಗೆ ಒತ್ತು ಪುಟ್ಟ, ನೆರಳಲ್ಲಿ ಒಣಗಿಸು. ಮೊದಲು ಟೀ, ಆಮೇಲೆ ಬರವಣಿಗೆ, ಇಲ್ದಿದ್ರೆ ಇಂಕು ಹರಡಿ ನಿಧಿ ಎಲ್ಲಿದೆ ಅಂತ ನಿನಗೇ ಗೊತ್ತಾಗಲ್ಲ. ಉತ್ತರ ದಿಕ್ಕು ಮೇಲೇ ಇರಬೇಕು ಅಂತೇನಿಲ್ಲ, "ಹಾಬಿಟ್" ಪುಸ್ತಕದ ನಿಧಿ ನಕ್ಷೆಯಲ್ಲಿ ಮೇಲಿರೋದು ಪೂರ್ವ, ಕಳ್ಳರು ಒಂದು ದಿನ ಸುತ್ತಲಿ. ಅಂಚು ಸುಡೋಕೆ ಮಾತ್ರ ಹೋಗಬೇಡ. ಟೋಲ್ಕಿನ್ ತಾತ ತಮ್ಮ ಕಥೆಯೊಳಗೆ ಬರೋ ಒಂದು ಹಳೇ ಪುಸ್ತಕದ ಹಾಳೆಗಳನ್ನ ತಾವೇ ಬರೆದು ತಮ್ಮ ಪೈಪಿನ ಕೆಂಡದಲ್ಲಿ ತೂತು ಸುಟ್ಟು ಪ್ರಕಾಶಕರಿಗೆ ಕೊಟ್ಟಿದ್ರು, ಖರ್ಚು ಜಾಸ್ತಿ ಆಗುತ್ತೆ ಅಂತ ಅವರು ಆಗ ಅದನ್ನ ಅಚ್ಚೇ ಹಾಕಲಿಲ್ಲ.